ಹಗ್ಗ ಕಟ್ಟಿ ಎಳೆಯಲು ಏನು ಕಷ್ಟ?

ವಾಸ್ಕೋದ ಬೈನಾದಿಂದ ನಮ್ಮ ಹಳೆಯ ಓದುಗರೊಬ್ಬರು ಬರೆದಿದ್ದಾರೆ. ಮೂಲ ಹೊನ್ನಾವರದ ಕಡೆಯವರು. ಬಂದರಿನಲ್ಲಿ ಕ್ರೇನ್ ನಡೆಸಿ ನಿವೃತ್ತರಾದವರು. ಹೆಸರು ಹಾಕಬೇಡಿ ಎಂದಿದ್ದಾರೆ. ಪತ್ರದ ಮುಖ್ಯ ಭಾಗ ಇದು:

"ಕಳೆದ ಸಂಚಿಕೆಯಲ್ಲಿ ನಮ್ಮವರು ಮಾಡುತ್ತಿರುವ ಆಳಸಮುದ್ರದ ನೌಕೆ ಮತ್ಸ್ಯ-6000 ಬಗ್ಗೆ ಓದಿದೆ. ಮೂರು ಜನರನ್ನು ಆರು ಕಿಲೋಮೀಟರ್ ಆಳಕ್ಕೆ ಇಳಿಸುತ್ತಾರಂತೆ. ಇಳಿಸುವುದು ಸರಿ, ಎತ್ತುವವರು ಯಾರು? 2023ರಲ್ಲಿ ಟೈಟಾನಿಕ್ ನೋಡಲು ಹೋದ ಐದು ಜನರ ಹತ್ತಿರ ನಾಲ್ಕು ದಿನದ ಆಮ್ಲಜನಕ ಇತ್ತು. ಅಮೆರಿಕ, ಕೆನಡಾ ಎಲ್ಲ ಬಂದು ನಿಂತವು. ಆದರೂ ಆಗಲಿಲ್ಲ. ನಾನು ಜೀವಮಾನವಿಡೀ ಭಾರ ಎತ್ತಿದವನು. ಹಗ್ಗ ಕಟ್ಟಿ ಎಳೆಯಲು ಏನು ಕಷ್ಟ? ಚಂದ್ರನಿಂದ ಮನುಷ್ಯರನ್ನು ಕರೆತಂದವರಿಗೆ ನಾಲ್ಕು ಕಿಲೋಮೀಟರ್ ಕೆಳಗಿನಿಂದ ತರಲು ಆಗಲಿಲ್ಲ ಎಂದರೆ ಅದು ನಿರ್ಲಕ್ಷ್ಯ. ನನ್ನ ಮೊಮ್ಮಗ ನೌಕಾಪಡೆ ಸೇರಿದ್ದಾನೆ. ಸಬ್‌ಮರೀನಿಗೇ ಹೋಗುತ್ತೇನೆ ಅಂತ ಹಟ ಹಿಡಿದಿದ್ದಾನೆ. ಅದಕ್ಕೇ ಕೇಳುತ್ತಿದ್ದೇನೆ."

ಹಿರಿಯರೇ, ನಮಸ್ಕಾರ.

ಹಗ್ಗದಿಂದಲೇ ಶುರು ಮಾಡೋಣ, ಅದು ನಿಮ್ಮ ಕಸುಬು. ಹೆಬ್ಬೆರಳು ದಪ್ಪದ ಉಕ್ಕಿನ ವೈರ್‌ರೋಪ್ ಮೀಟರಿಗೆ ಎರಡೂವರೆ ಕೆಜಿ ಆಸುಪಾಸು ತೂಗುತ್ತದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಟೈಟಾನಿಕ್ ಬಿದ್ದಿರುವುದು ಸುಮಾರು 3,800 ಮೀಟರ್ ಆಳದಲ್ಲಿ. ಅಲ್ಲಿಯವರೆಗೆ ಇಳಿಬಿಟ್ಟರೆ ಹಗ್ಗವೇ ಒಂಬತ್ತು ಹತ್ತು ಟನ್ ಆಯಿತು. ಆ ಐವರು ಕೂತು ಹೋದ ಟೈಟನ್ ಸಬ್‌ಮರ್ಸಿಬಲ್‌ನ, ಅಂದರೆ ಆಳಕ್ಕಿಳಿಯುವ ಪುಟ್ಟ ನೌಕೆಯ, ತೂಕವೂ ಹತ್ತು ಟನ್ ಚಿಲ್ಲರೆ. ಸರಕಿನಷ್ಟೇ ಹಗ್ಗವೂ ಭಾರ! ಜೊತೆಗೆ ನಿಮ್ಮ ಕ್ರೇನ್ ಗಟ್ಟಿ ಧಕ್ಕೆಯ ಮೇಲೆ ನಿಂತಿತ್ತು. ಅಲ್ಲಿ ಕ್ರೇನ್ ನಿಲ್ಲಬೇಕಾದದ್ದು ಹಡಗಿನ ಮೇಲೆ. ಅಲೆಗೆ ಹಡಗು ಎದ್ದು ಬಿದ್ದಂತೆ ಕೆಳಗಿನ ಹುಕ್ಕೂ ಎದ್ದು ಬೀಳುತ್ತದೆ, ಹಗ್ಗಕ್ಕೆ ಜಗ್ಗು ಹೊಡೆಯುತ್ತದೆ. ಜಗ್ಗು ಹೊಡೆದರೆ ಹಗ್ಗದ ಗತಿ ಏನು ಎಂದು ನಿಮಗೆ ಗೊತ್ತು.

ಇದಕ್ಕೆಂದೇ ಮಾಡಿದ ಯಂತ್ರಗಳಿಲ್ಲ ಅಂತಲ್ಲ. ಅಮೆರಿಕದ ನೌಕಾಪಡೆ ಅಂಥದೊಂದನ್ನು ಆ ಜೂನ್‌ನಲ್ಲಿ ಕೆನಡಾದ ಸೇಂಟ್ ಜಾನ್ಸ್ ಬಂದರಿಗೆ ತಂದಿಟ್ಟಿತು ಕೂಡ. ಆದರೆ ಅದನ್ನು ಹಡಗಿನ ಡೆಕ್ಕಿಗೆ ವೆಲ್ಡ್ ಮಾಡಬೇಕು. ವೆಲ್ಡಿಂಗಿಗೇ ಹೆಚ್ಚುಕಡಿಮೆ ಒಂದು ದಿನ. ಆಮೇಲೆ 600 ಕಿಲೋಮೀಟರಿಗೂ ಜಾಸ್ತಿ ಸಮುದ್ರ ದಾಟಬೇಕು. ಕೊನೆಗೆ ಅದನ್ನು ಬಳಸುವ ಪ್ರಸಂಗವೇ ಬರಲಿಲ್ಲ.

ಇಷ್ಟೆಲ್ಲ ಆದರೂ ಹಗ್ಗ ಎರಡನೆಯ ಮಾತು. ಮೊದಲನೆಯದು, ಹುಕ್ಕು ಹಾಕುವುದು ಎಲ್ಲಿಗೆ?

ಇದನ್ನು ತಿಳಿಯಲು ಅಟ್ಲಾಂಟಿಕ್‌ವರೆಗೆ ಹೋಗಬೇಕಾಗಿಲ್ಲ. ಮಲ್ಪೆಯ ಸುವರ್ಣ ತ್ರಿಭುಜ ಬೋಟನ್ನು ನೀವು ಮರೆತಿರಲಾರಿರಿ. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟಿತು. ಏಳು ಜನ. ಇಬ್ಬರು ಉಡುಪಿ ಕಡೆಯವರು, ಐವರು ನಿಮ್ಮ ಉತ್ತರ ಕನ್ನಡದವರು. 15ರ ರಾತ್ರಿಯ ನಂತರ ಸುದ್ದಿ ಇಲ್ಲ. ನೌಕಾಪಡೆ ಹುಡುಕಿತು, ಕರಾವಳಿ ಕಾವಲುಪಡೆ ಹುಡುಕಿತು. ವಿಮಾನ ಹಾರಿದವು. ಕರ್ನಾಟಕ, ಗೋವಾ, ಮಹಾರಾಷ್ಟ್ರ ಮೂರೂ ಕಡೆ ತಡಕಾಡಿದರು. ಜನವರಿಯಲ್ಲಿ ಮೀನುಗಾರರು ಸಾವಿರಾರು ಸಂಖ್ಯೆಯಲ್ಲಿ ರಸ್ತೆಗಿಳಿದರು. ಕೊನೆಗೆ ಅವಶೇಷ ಸಿಕ್ಕಿದ್ದು 2019ರ ಮೇ ಮೊದಲ ವಾರದ ಹೊತ್ತಿಗೆ, ಮಾಲ್ವಣದ ದಡದಿಂದ ಸುಮಾರು 33 ಕಿಲೋಮೀಟರ್ ದೂರದಲ್ಲಿ. ಹುಡುಕಿದ್ದು ನೌಕಾಪಡೆಯ ನಿರೀಕ್ಷಕ್ ಹಡಗು. ಆಳ ಎಷ್ಟು ಗೊತ್ತೇ? ಸುಮಾರು 60 ಮೀಟರ್. ಇಲ್ಲಿ ಮುಂಬಯಿಯಲ್ಲಿ ಹೊಸದಾಗಿ ಏಳುವ ಇಪ್ಪತ್ತು ಮಹಡಿ ಕಟ್ಟಡದಷ್ಟು. ಅಷ್ಟು ಆಳದಲ್ಲಿದ್ದ ಬೋಟಿಗೆ ನಾಲ್ಕೂವರೆ ತಿಂಗಳು ಬೇಕಾಯಿತು. ಟೈಟಾನಿಕ್ ಇರುವ ಜಾಗ ಅದರ ಅರವತ್ತು ಪಟ್ಟಿಗಿಂತ ಹೆಚ್ಚು ಆಳ.

ಯಾಕೆ ಕಾಣುವುದಿಲ್ಲ ಎಂದರೆ, ನಾವು ನೆಲದ ಮೇಲೆ ನಂಬಿಕೊಂಡ ಯಾವುದೂ ಉಪ್ಪುನೀರಿನೊಳಗೆ ನಡೆಯುವುದಿಲ್ಲ. ರೇಡಿಯೋ ಹೋಗಲ್ಲ. ಜಿಪಿಎಸ್ ಹೋಗಲ್ಲ. ರೇಡಾರ್ ನೀರಿನ ಮೇಲ್ಮೈಯಲ್ಲೇ ಮುಗಿಯಿತು. ಒಂದು ಕಿಲೋಮೀಟರಿನ ಕೆಳಗೆ ಸೂರ್ಯನ ಬೆಳಕೇ ಇಲ್ಲ. ಉಳಿಯುವುದು ಶಬ್ದ ಒಂದೇ. ನೀರಿನಲ್ಲಿ ಅದು ಸೆಕೆಂಡಿಗೆ ಸುಮಾರು 1,500 ಮೀಟರ್ ಓಡುತ್ತದೆ, ಗಾಳಿಗಿಂತ ನಾಲ್ಕು ಪಟ್ಟು ಜೋರು. ಆದರೆ ನೆಟ್ಟಗೆ ಓಡುವುದಿಲ್ಲ. ಬಿಸಿನೀರಿನ ಪದರ, ತಣ್ಣೀರಿನ ಪದರ ದಾಟುವಾಗ ಬಾಗುತ್ತದೆ. ಕೇಳಿದ್ದು ಎಲ್ಲಿಂದ ಬಂತು ಎಂದು ಬೆರಳು ತೋರಿಸುವುದು ಸುಲಭವಲ್ಲ. ನಿಮ್ಮ ಚಂದ್ರನ ಮಾತಿಗೂ ಉತ್ತರ ಇಲ್ಲೇ ಇದೆ. ಚಂದ್ರನಿಂದ ರೇಡಿಯೋ ಮಾತು ಒಂದೂಕಾಲು ಸೆಕೆಂಡಿನಲ್ಲಿ ಭೂಮಿಗೆ ಬರುತ್ತದೆ. ಅಲ್ಲಿ ನೌಕೆಯ ಒಳಗೂ ಹೊರಗೂ ಇರುವ ಒತ್ತಡದ ವ್ಯತ್ಯಾಸ ಒಂದು ವಾತಾವರಣಕ್ಕಿಂತ, ಅಂದರೆ ನೆಲದ ಮೇಲೆ ನಮ್ಮ ಸುತ್ತಲಿನ ಗಾಳಿಯ ಒತ್ತಡಕ್ಕಿಂತ, ಜಾಸ್ತಿ ಆಗಲಾರದು. ಟೈಟಾನಿಕ್ ಹತ್ತಿರ ಅದು 380 ಪಟ್ಟು. ಒಂದು ಚದರ ಸೆಂಟಿಮೀಟರ್ ಜಾಗದ ಮೇಲೆ 380 ಕೆಜಿಗೂ ಹೆಚ್ಚು ಭಾರ ಕೂತಿರುತ್ತದೆ. ದೂರ ನೋಡಿ ಕಷ್ಟ ಅಳೆಯುವಂತಿಲ್ಲ.

ದಾಬೋಳಿಯಿಂದ ಹಾರುವ ನೌಕಾಪಡೆಯ ಪಿ-8ಐ ವಿಮಾನಗಳನ್ನು ನೀವು ನೋಡಿಯೇ ಇರುತ್ತೀರಿ. ಅವು ಸೋನೊಬಾಯ್ ಎಂಬ ಉದ್ದನೆಯ ಡಬ್ಬಿಗಳನ್ನು ಸಮುದ್ರಕ್ಕೆ ಉದುರಿಸುತ್ತವೆ. ಡಬ್ಬಿ ತೇಲುತ್ತದೆ, ಅದರ ಕೆಳಗೆ ಮೈಕ್ ಇಳಿಯುತ್ತದೆ, ಕೇಳಿದ್ದನ್ನು ರೇಡಿಯೋದಲ್ಲಿ ವಿಮಾನಕ್ಕೆ ಕಳಿಸುತ್ತದೆ. ಟೈಟನ್ ಹುಡುಕುವಾಗ ಕೆನಡಾದ ವಿಮಾನ ಮಾಡಿದ್ದೂ ಇದನ್ನೇ. ಜೂನ್ 20ರಂದು ಏನೋ ಬಡಿದಂಥ ಸದ್ದು ಕೇಳಿಸಿತು. ಒಳಗಿನವರು ಗೋಡೆ ಬಡಿಯುತ್ತಿದ್ದಾರೆ ಎಂದು ಜಗತ್ತೆಲ್ಲ ನಂಬಿತು. ಟಿವಿಯವರು ಗಂಟೆಗಂಟೆಗೆ ಆಮ್ಲಜನಕ ಎಷ್ಟು ಉಳಿಯಿತು ಎಂದು ಲೆಕ್ಕ ಕೊಟ್ಟರು. ಆ ಸದ್ದಿಗೂ ಟೈಟನ್‌ಗೂ ಸಂಬಂಧ ಇರಲಿಲ್ಲ.

ನಡೆದದ್ದು ಇಷ್ಟು. ಜೂನ್ 18ರ ಭಾನುವಾರ ಬೆಳಿಗ್ಗೆ ಟೈಟನ್ ನೀರಿಗಿಳಿಯಿತು. ಎರಡು ಗಂಟೆಯೊಳಗೆ ಸಂಪರ್ಕ ಕಡಿಯಿತು. ಕೊನೆಯದಾಗಿ ಮೇಲಿನ ಹಡಗಿಗೆ ಬಂದ ಸಂದೇಶ, ಎರಡು ತೂಕ ಕಳಚಿದ್ದೇವೆ ಎಂದು. ಅದೇ ದಿನ ಅಮೆರಿಕದ ನೌಕಾಪಡೆಯ ಉಪಕರಣಗಳಿಗೆ ಏನೋ ಒಳಕ್ಕೆ ಕುಸಿದು ಒಡೆದಂಥ ಶಬ್ದ ಸಿಕ್ಕಿತ್ತು. ಹುಡುಕುವವರಿಗೆ ತಿಳಿಸಿದರು. ಆದರೆ ಅದೊಂದನ್ನೇ ನಂಬಿ ಹುಡುಕಾಟ ನಿಲ್ಲಿಸುವಂತಿರಲಿಲ್ಲ. ನಿಲ್ಲಿಸಿ, ಆಮೇಲೆ ಐದು ಜನ ಬದುಕಿದ್ದರು ಅಂತಾದರೆ? ಐದನೆಯ ದಿನ, ಜೂನ್ 22ರಂದು, ಒಡಿಸಿಯಸ್ 6ಕೆ ಎಂಬ ರೋಬೋಟ್ ತಳಕ್ಕೆ ಇಳಿಯಿತು. ಟೈಟಾನಿಕ್‌ನ ಮೂತಿಯಿಂದ ಸುಮಾರು 490 ಮೀಟರ್ ದೂರದಲ್ಲಿ ಟೈಟನ್‌ನ ಚೂರುಗಳು ಕಂಡವು. ಐವರೂ ಮೊದಲ ದಿನವೇ, ಏನಾಗುತ್ತಿದೆ ಎಂದು ತಿಳಿಯುವಷ್ಟರೊಳಗೆ ಹೋಗಿಬಿಟ್ಟಿದ್ದರು. ಟಿವಿಯಲ್ಲಿ ಓಡಿದ 96 ಗಂಟೆಯ ಲೆಕ್ಕ ಯಾರಿಗೂ ಅನ್ವಯಿಸುತ್ತಿರಲಿಲ್ಲ.

ನೀವು ನಿರ್ಲಕ್ಷ್ಯ ಅಂದಿರಿ. ಒಪ್ಪುತ್ತೇನೆ. ಆದರೆ ನಿಮ್ಮ ಸಿಟ್ಟು ಎತ್ತಲು ಬಂದವರ ಮೇಲೆ ಬಿದ್ದಿದೆ. ಅದು ಇಳಿಸಿದವರ ಮೇಲೆ ಬೀಳಬೇಕು.

ಆಳಸಮುದ್ರಕ್ಕೆ ಹೋಗುವ ನೌಕೆಗಳಲ್ಲಿ ಜನ ಕೂರುವ ಕೋಣೆ ಸಾಮಾನ್ಯವಾಗಿ ಲೋಹದ ಗೋಳ. ಗೋಳದ ಮೇಲೆ ಒತ್ತಡ ಎಲ್ಲ ಕಡೆ ಸಮನಾಗಿ ಬೀಳುತ್ತದೆ. ಟೈಟನ್‌ನದು ಕೊಳವೆ. ಕಾರ್ಬನ್ ಫೈಬರ್‌ನಲ್ಲಿ ಸುತ್ತಿ ಮಾಡಿದ್ದು, ಎರಡು ತುದಿಗೆ ಟೈಟಾನಿಯಂ ಮುಚ್ಚಳ. ಉದ್ದ ಮಾಡಿದರೆ ಜಾಸ್ತಿ ಜನ ಹಿಡಿಸುತ್ತಾರೆ, ಟಿಕೆಟ್ ಜಾಸ್ತಿ ಮಾರಬಹುದು. ಒಂದು ಟಿಕೆಟ್ಟಿಗೆ 2,50,000 ಡಾಲರ್, ಅಂದಿನ ಲೆಕ್ಕದಲ್ಲಿ ಎರಡು ಕೋಟಿ ರೂಪಾಯಿ. ಅಷ್ಟು ದುಡ್ಡು ತೆಗೆದುಕೊಂಡ ಓಷನ್‌ಗೇಟ್ ಕಂಪನಿ ಯಾವ ಸಂಸ್ಥೆಯಿಂದಲೂ ನೌಕೆಗೆ ಸರ್ಟಿಫಿಕೇಟ್ ಮಾಡಿಸಿರಲಿಲ್ಲ. ನೀವು ನಡೆಸಿದ ಕ್ರೇನಿಗೇ ಲೋಡ್ ಟೆಸ್ಟ್ ಇರುತ್ತದೆ, ಹುಕ್ಕಿನ ಮೇಲೆ ಸೇಫ್ ಲೋಡ್ ಎಷ್ಟು ಎಂದು ಬರೆದಿರುತ್ತದೆ, ಅಲ್ವಾ? ಆ ನೌಕೆಗೆ ಅದೂ ಇರಲಿಲ್ಲ. 2018ರಲ್ಲಿ ಅದೇ ಕಂಪನಿಯ ಡೇವಿಡ್ ಲಾಕ್ರಿಜ್ ಎಂಬ ಅಧಿಕಾರಿ ಇದು ಸರಿಯಿಲ್ಲ ಎಂದು ವರದಿ ಬರೆದರು. ಅವರನ್ನು ಕೆಲಸದಿಂದ ತೆಗೆದರು. ಅದೇ ವರ್ಷ ಈ ಕ್ಷೇತ್ರದ ಮೂವತ್ತಕ್ಕೂ ಹೆಚ್ಚು ಪರಿಣತರು ಎಚ್ಚರಿಕೆಯ ಪತ್ರ ತಯಾರಿಸಿದರು. 2022ರ ಜುಲೈನಲ್ಲಿ, 80ನೆಯ ಮುಳುಗಿನಿಂದ ಮೇಲೆ ಬರುವಾಗ ಟೈಟನ್‌ನಿಂದ ದೊಡ್ಡದೊಂದು ಸದ್ದು ಬಂತು. ಫೈಬರ್ ಪದರ ಬಿಟ್ಟುಕೊಂಡದ್ದು ಆಗಲೇ. ಆಮೇಲೂ ನೌಕೆಯನ್ನು ಕೆನಡಾದ ಚಳಿಗಾಲದಲ್ಲಿ ಬಯಲಲ್ಲೇ ನಿಲ್ಲಿಸಿದ್ದರು. ಬೇಸಿಗೆಯಲ್ಲಿ ಮತ್ತೆ ಜನರನ್ನು ಕೂರಿಸಿದರು. ಬಾಗಿಲಿಗೆ ಹೊರಗಿನಿಂದ 17 ಬೋಲ್ಟ್. ಸುರಕ್ಷಿತವಾಗಿ ಮೇಲೆ ತೇಲಿದ್ದರೂ ಒಳಗಿನವರು ತಾವಾಗಿ ಹೊರಬರುವಂತಿರಲಿಲ್ಲ. 2025ರ ಆಗಸ್ಟ್‌ನಲ್ಲಿ ಅಮೆರಿಕದ ಕರಾವಳಿ ಕಾವಲುಪಡೆ ಕೊಟ್ಟ ವರದಿ ನೇರವಾಗಿ ಹೇಳಿತು: ಈ ದುರಂತ ತಪ್ಪಿಸಬಹುದಿತ್ತು.

ಹಾಗಾದರೆ ಆಳದಿಂದ ಯಾರೂ ಬದುಕಿ ಬಂದಿಲ್ಲವೇ? ಬಂದಿದ್ದಾರೆ. 1973ರ ಆಗಸ್ಟ್ 29. ಐರ್ಲೆಂಡಿನ ಕಾರ್ಕ್‌ನಿಂದ ಸುಮಾರು 240 ಕಿಲೋಮೀಟರ್ ದೂರ. ಪೈಸಿಸ್-3 ಎಂಬ ನೌಕೆಯಲ್ಲಿ ಇಬ್ಬರು. ರೋಜರ್ ಚಾಪ್‌ಮನ್, ರೋಜರ್ ಮ್ಯಾಲಿನ್‌ಸನ್. ಸಮುದ್ರದಡಿಯ ಟೆಲಿಫೋನ್ ಕೇಬಲ್ ಹೂಳುವ ಕೆಲಸ. ಪಾಳಿ ಮುಗಿಸಿ ಮೇಲೆ ಬಂದಿದ್ದರು, ಹಡಗಿಗೆ ಎಳೆದುಕೊಳ್ಳುವುದಷ್ಟೇ ಬಾಕಿ. ಎಳೆಯುವ ಹಗ್ಗ ಹಿಂಭಾಗದ ಹ್ಯಾಚ್‌ಗೆ ಸಿಕ್ಕಿ ಅದನ್ನು ಕಿತ್ತುಹಾಕಿತು. ಹಿಂದಿನ ಕೋಣೆಗೆ ನೀರು ತುಂಬಿತು, ನೌಕೆ ಬುಡಮೇಲಾಗಿ ಕೆಳಕ್ಕೆ ಹೋಯಿತು. ತಳಕ್ಕೆ ಬಡಿಯುವಾಗ ನಾಲಿಗೆ ಕಚ್ಚಿಹೋಗಬಾರದೆಂದು ಇಬ್ಬರೂ ಬಾಯಿಗೆ ಬಟ್ಟೆ ತುರುಕಿಕೊಂಡರು. ನಿಂತದ್ದು ಸುಮಾರು 480 ಮೀಟರ್‌ನಲ್ಲಿ.

ಇಲ್ಲಿಂದ ಮುಂದೆ ಅವರು ಮಾಡಿದ್ದು ಬಹುಮಟ್ಟಿಗೆ ಏನೂ ಮಾಡದೆ ಇದ್ದದ್ದು. ಆರಡಿ ಅಗಲದ ಗೋಳ. ದೀಪ ಆರಿಸಿದರು. ಮಾತು ಬಿಟ್ಟರು. ಸುಮ್ನೆ ಮಲಗಿದರು. ಮೈ ಅಲ್ಲಾಡಿದರೆ ಉಸಿರು ಜಾಸ್ತಿ ಖರ್ಚು. ಇದ್ದದ್ದು ಒಂದು ಸ್ಯಾಂಡ್‌ವಿಚ್, ಒಂದು ಡಬ್ಬಿ ಲೆಮನೇಡ್. ಅದೃಷ್ಟಕ್ಕೆ ಮ್ಯಾಲಿನ್‌ಸನ್ ಇಳಿಯುವ ಮುಂಚೆ ಅರ್ಧ ಖಾಲಿಯಾಗಿದ್ದ ಆಮ್ಲಜನಕದ ಸಿಲಿಂಡರ್ ತೆಗೆದು ತುಂಬಿದ್ದನ್ನು ಹಾಕಿದ್ದರು. ಮೇಲೆ ಅದೇ ಜಾತಿಯ ಇನ್ನೆರಡು ನೌಕೆಗಳನ್ನು ತರಿಸಿದರು. ಒಂದರ ಯಂತ್ರದ ಕೈ ಕೆಟ್ಟಿತು, ಇನ್ನೊಂದಕ್ಕೆ ಹುಡುಕಿ ಹುಡುಕಿ ಸಾಕಾಯಿತು. ನೀವು ಕೇಳಿದ ಹಗ್ಗವನ್ನು ಕೊನೆಗೂ ಕಟ್ಟಿದರು. ಅದಕ್ಕೆ ಅಮೆರಿಕದ ನೌಕಾಪಡೆಯ ರೋಬೋಟ್ ಕೂಡ ಕೈಜೋಡಿಸಿತು. ಎಳೆಯುವಾಗಲೂ ನಡುವೆ ಎರಡು ಸಲ ನಿಲ್ಲಿಸಬೇಕಾಯಿತು. ಸೆಪ್ಟೆಂಬರ್ 1ರ ಮಧ್ಯಾಹ್ನ ನೌಕೆ ಮೇಲೆ ಬಂತು. ತಳದಲ್ಲಿ ಕಳೆದದ್ದು 76 ಗಂಟೆ. ಉಳಿದಿದ್ದ ಆಮ್ಲಜನಕ 12 ನಿಮಿಷದ್ದು.

ಇವರು ಬದುಕಿದ್ದು ಯಾಕೆ ನೋಡಿ. ಗೋಳ ಒಡೆಯಲಿಲ್ಲ. ಮೇಲಿನವರ ಜೊತೆ ಮಾತಿನ ಸಂಪರ್ಕ ಇತ್ತು. ಬಿದ್ದದ್ದು ಎಲ್ಲಿ ಎಂದು ಸುಮಾರಾಗಿ ಗೊತ್ತಿತ್ತು. ಅದೇ ಆಳಕ್ಕೆ ಹೋಗಬಲ್ಲ ಬೇರೆ ನೌಕೆ ಒಂದೆರಡು ದಿನದಲ್ಲಿ ಬರುವಂತಿತ್ತು. ಟೈಟನ್ ಒಡೆಯದೆ ತಳದಲ್ಲಿ ಕೂತಿದ್ದರೂ ಈ ಕೊನೆಯದು ಬಹಳ ಕಷ್ಟವಿತ್ತು.

ಆಮ್ಲಜನಕದ ಲೆಕ್ಕದ ಬಗ್ಗೆ ಒಂದು ಮಾತು. ಮುಚ್ಚಿದ ಕೋಣೆಯಲ್ಲಿ ಎಷ್ಟೋ ಸಲ ಮೊದಲು ಕೊಲ್ಲುವುದು ಆಮ್ಲಜನಕದ ಕೊರತೆ ಅಲ್ಲ, ನಾವೇ ಬಿಡುವ ಕಾರ್ಬನ್ ಡೈಆಕ್ಸೈಡ್. ಅದನ್ನು ಹೀರಲು ರಾಸಾಯನಿಕದ ಡಬ್ಬಿ ಇಟ್ಟಿರುತ್ತಾರೆ. ಅದೇ 1973ರ ಜೂನ್‌ನಲ್ಲಿ ಫ್ಲೋರಿಡಾದ ಹತ್ತಿರ ಜಾನ್ಸನ್ ಸೀ ಲಿಂಕ್ ಎಂಬ ನೌಕೆ ಮುಳುಗಿದ ಹಡಗೊಂದರ ಅವಶೇಷಕ್ಕೆ ಸಿಕ್ಕಿಕೊಂಡಿತು. ಆಳ ಬರೀ 110 ಮೀಟರ್. ಮುಂದಿನ ಕೋಣೆಯ ಇಬ್ಬರು ಬದುಕಿದರು. ಹಿಂದಿನದು ಅಲ್ಯೂಮಿನಿಯಂ ಕೋಣೆ, ಬೇಗ ತಣ್ಣಗಾಯಿತು. ಚಳಿಗೆ ರಾಸಾಯನಿಕ ಕೆಲಸ ಮಾಡಲಿಲ್ಲ. ಅಲ್ಲಿದ್ದ ಇಬ್ಬರೂ ಹೋದರು.

ಈಗ ನಮ್ಮ ಮನೆಯ ಸಂಗತಿ. ಸುವರ್ಣ ತ್ರಿಭುಜ ಹೊರಡುವ ಹಿಂದಿನ ದಿನ, 2018ರ ಡಿಸೆಂಬರ್ 12ರಂದು, ಇಲ್ಲಿ ಮುಂಬಯಿಯಲ್ಲಿ ನೌಕಾಪಡೆಗೆ ಡಿಎಸ್‌ಆರ್‌ವಿ ಎಂಬ ರಕ್ಷಣಾ ವಾಹನ ಸೇರಿತು. ಇನ್ನೊಂದು ವಿಶಾಖಪಟ್ಟಣದಲ್ಲಿದೆ. ಕೆಟ್ಟು ತಳ ಸೇರಿದ ಸಬ್‌ಮರೀನಿನ ಬೆನ್ನ ಮೇಲೆ ಇದು ಹೋಗಿ ಕೂರುತ್ತದೆ. ಸಬ್‌ಮರೀನಿನ ಹ್ಯಾಚ್ ಸುತ್ತ ಅದಕ್ಕೆಂದೇ ನುಣುಪಾದ ಬಳೆ ಇರುತ್ತದೆ. ಅದರ ಮೇಲೆ ಕೂತು, ನಡುವಿನ ನೀರನ್ನು ಪಂಪ್ ಮಾಡಿ ತೆಗೆದರೆ ಸುತ್ತಲ ಸಮುದ್ರದ ಒತ್ತಡವೇ ಎರಡನ್ನೂ ಬಿಗಿಯಾಗಿ ಹಿಡಿಯುತ್ತದೆ. ಆಮೇಲೆ ಎರಡೂ ಹ್ಯಾಚ್ ತೆಗೆದು ಜನ ದಾಟುತ್ತಾರೆ. ಒಂದು ಸಲಕ್ಕೆ 14 ಜನ. 650 ಮೀಟರ್‌ವರೆಗೆ ಹೋಗುತ್ತದೆ. ವಿಮಾನದಲ್ಲೂ ಸಾಗಿಸಬಹುದು.

650 ಸಾಕೇ ಎಂದು ನೀವು ಕೇಳುತ್ತೀರಿ. ಸಾಮಾನ್ಯ ಯುದ್ಧದ ಸಬ್‌ಮರೀನಿಗೆ ಸಾಕು. ಅದಕ್ಕೂ ಕೆಳಗೆ ಹೋದರೆ ಸಬ್‌ಮರೀನೇ ಉಳಿಯುವುದಿಲ್ಲ, ಕಾಪಾಡಲು ಯಾರೂ ಇರುವುದಿಲ್ಲ. 2021ರ ಏಪ್ರಿಲ್‌ನಲ್ಲಿ ಬಾಲಿ ಹತ್ತಿರ ಇಂಡೋನೇಷ್ಯಾದ ನಂಗಾಲಾ ಸಬ್‌ಮರೀನ್ ಕಾಣೆಯಾದಾಗ ವಿಶಾಖಪಟ್ಟಣದಿಂದ ನಮ್ಮ ಡಿಎಸ್‌ಆರ್‌ವಿ ಮರುದಿನವೇ ಹೊರಟಿತು. ಅದು ದಾರಿಯಲ್ಲಿರುವಾಗಲೇ ನಂಗಾಲಾ ಮೂರು ತುಂಡಾಗಿ 838 ಮೀಟರ್ ಆಳದಲ್ಲಿ ಸಿಕ್ಕಿತು. 53 ಜನ. ಇನ್ನು ಆಳ ಕಡಿಮೆ ಇದ್ದರೆ ಎಲ್ಲ ಸುಲಭ ಎಂದೂ ತಿಳಿಯಬೇಡಿ. 2013ರ ಆಗಸ್ಟ್ 14ರ ಮುಂಜಾವಿಗೆ ಮುನ್ನ ಇಲ್ಲೇ ಮುಂಬಯಿಯ ನೌಕಾ ಧಕ್ಕೆಯಲ್ಲಿ ಸಿಂಧುರಕ್ಷಕ್ ಸ್ಫೋಟಗೊಂಡು ನಿಂತಲ್ಲೇ ಮುಳುಗಿತು. 18 ಜನ ಒಳಗಿದ್ದರು. ದಡ ಕೈಗೆಟುಕುವಷ್ಟು ಹತ್ತಿರ. ಆದರೂ ಬೆಂಕಿಯ ಕಾವಿಗೆ ಹ್ಯಾಚ್‌ಗಳು ಕರಗಿ ಅಂಟಿದ್ದವು, ಕೆಸರು ನೀರಿನಲ್ಲಿ ಮುಳುಗುಗಾರರಿಗೆ ಏನೂ ಕಾಣುತ್ತಿರಲಿಲ್ಲ. ಒಬ್ಬರನ್ನೂ ಉಳಿಸಲಾಗಲಿಲ್ಲ.

ಮತ್ಸ್ಯಕ್ಕೆ ಬರುತ್ತೇನೆ. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಮಾಡುತ್ತಿರುವುದು ಹಳೆಯ, ಪರೀಕ್ಷೆಗೆ ನಿಂತ ಆಕಾರ: 2.1 ಮೀಟರ್ ವ್ಯಾಸದ ಟೈಟಾನಿಯಂ ಗೋಳ, ಗೋಡೆ 80 ಮಿಲಿಮೀಟರ್ ದಪ್ಪ. ಸಾಮಾನ್ಯ ಕೆಲಸ 12 ಗಂಟೆ, ಆಪತ್ತಿಗೆ 96 ಗಂಟೆ. ಇಂಥ ನೌಕೆಗಳನ್ನು ಯಾರೂ ಎಳೆದು ಎತ್ತುವುದಿಲ್ಲ. ಭಾರ ಕಟ್ಟಿಕೊಂಡು ಮುಳುಗುತ್ತವೆ, ಭಾರ ಕಳಚಿದರೆ ತಾವೇ ತೇಲುತ್ತವೆ. ಕರೆಂಟ್ ಹೋದರೂ ಭಾರ ಕಳಚುವ ದಾರಿ ಇರಬೇಕು, ಅದಕ್ಕೆ ಇನ್ನೊಂದು ದಾರಿ, ಅದೂ ಕೈಕೊಟ್ಟರೆ ಮತ್ತೊಂದು. ನಿಮ್ಮ ಹಗ್ಗದ ಜಾಗದಲ್ಲಿ ಇರುವುದು ಇದೇ. ಬಲೆಗೋ ಕೇಬಲಿಗೋ ಸಿಕ್ಕಿಕೊಂಡರೆ ಮಾತ್ರ ಹೊರಗಿನವರ ಸಹಾಯ ಬೇಕು. 2005ರಲ್ಲಿ ರಷ್ಯದ ಕಮ್‌ಚಾಟ್ಕಾದಲ್ಲಿ ಏಳು ಜನರಿದ್ದ ನೌಕೆ 190 ಮೀಟರ್‌ನಲ್ಲಿ ಹೀಗೆ ಸಿಕ್ಕಿಕೊಂಡಿತ್ತು. ಬ್ರಿಟನ್ನಿನ ಸ್ಕಾರ್ಪಿಯೋ ರೋಬೋಟ್ ವಿಮಾನದಲ್ಲಿ ಬಂದು ಬಲೆ ಕತ್ತರಿಸಿತು. ಏಳೂ ಜನ ಬದುಕಿದರು.

ಹಾಗಾಗಿ ನಿಮ್ಮ "ಎತ್ತುವವರು ಯಾರು" ಎಂಬ ಪ್ರಶ್ನೆಯನ್ನು ನಾನು ಸ್ವಲ್ಪ ತಿರುಗಿಸಿ ಕೇಳುತ್ತೇನೆ. ಮತ್ಸ್ಯ ಇಳಿಯುವ ದಿನ ಅದೇ ಹಡಗಿನ ಡೆಕ್ಕಿನಲ್ಲಿ 6,000 ಮೀಟರ್‌ಗೆ ಹೋಗಬಲ್ಲ, ಕತ್ತರಿಸುವ ಕೈಯಿರುವ ರೋಬೋಟ್ ಸಿದ್ಧ ನಿಂತಿರುತ್ತದೆಯೇ? ಅದೇ ಚೆನ್ನೈ ಸಂಸ್ಥೆ ರೋಸಬ್-6000 ಎಂಬ ರೋಬೋಟನ್ನು 2010ರಲ್ಲೇ 5,000 ಮೀಟರ್‌ಗೂ ಕೆಳಗೆ ಇಳಿಸಿ ತೋರಿಸಿದೆ. ಅಂದರೆ ನಮ್ಮವರಿಗೆ ಬಾರದ ವಿದ್ಯೆಯಲ್ಲ. ಖರ್ಚು ಉಳಿಸಲು ಅದನ್ನು ದಡದಲ್ಲಿ ಬಿಟ್ಟು ಹೋಗದಿದ್ದರೆ ಸಾಕು. ಬಿಟ್ಟು ಹೋದರೆ ತರಿಸುವಷ್ಟರಲ್ಲಿ 96 ಗಂಟೆ ಕರಗಿಹೋಗುತ್ತದೆ. ಈ ಮಾತನ್ನು ಪತ್ರಿಕೆಗಳು ಈಗಲೇ ಕೇಳಬೇಕು. ಆಮೇಲೆ ಕೇಳಿ ಪ್ರಯೋಜನ ಇಲ್ಲ.

ಮೊಮ್ಮಗನ ವಿಷಯ. ತಡೆಯಬೇಡಿ ಎನ್ನುವುದು ನನ್ನ ಅಭಿಪ್ರಾಯ. ಸಬ್‌ಮರೀನಿನ ಹುಡುಗರಿಗೆ ವಿಶಾಖಪಟ್ಟಣದ ಐಎನ್‌ಎಸ್ ಶಾತವಾಹನದಲ್ಲಿ ತರಬೇತಿ. ಅಲ್ಲಿ 2024ರ ಸೆಪ್ಟೆಂಬರ್‌ನಲ್ಲಿ ವಿನೇತ್ರ ಎಂಬ ಹೊಸ ವ್ಯವಸ್ಥೆ ಶುರುವಾಗಿದೆ. ನೀರು ತುಂಬಿದ ಗೋಪುರದಲ್ಲಿ, ಕೆಟ್ಟ ಸಬ್‌ಮರೀನಿನಿಂದ ಪಾರಾಗುವುದನ್ನು ಕೈಯಾರೆ ಮಾಡಿ ಕಲಿಯಬೇಕು. 2025ರ ಜುಲೈನಲ್ಲಿ ನಿಸ್ತಾರ್ ಎಂಬ ಹೊಸ ಹಡಗೂ ಬಂದಿದೆ. ಆಳದಲ್ಲಿ ಮುಳುಗುಗಾರರ ಕೆಲಸಕ್ಕೆ ನೆರವಾಗಲು, ಡಿಎಸ್‌ಆರ್‌ವಿಯನ್ನೂ ಹೊತ್ತೊಯ್ಯಲು ಕಟ್ಟಿದ್ದು. ಅಪಾಯ ಇಲ್ಲವೇ ಎಂದರೆ ಇದೆ. ಆದರೆ ಟೈಟನ್‌ನಲ್ಲಿ ಕೂತವರಿಗೂ ನಿಮ್ಮ ಹುಡುಗನಿಗೂ ಅಜಗಜಾಂತರ. ಅವನು ಹತ್ತುವ ನೌಕೆ ಕೆಟ್ಟರೆ ಏನು ಮಾಡಬೇಕು ಎಂದು ಯೋಚಿಸುವುದೇ ಕೆಲಸವಾಗಿರುವ ಜನ ಇದ್ದಾರೆ.

ಕೊನೆಗೊಂದು ಕೋರಿಕೆ. ಹಡಗಿನ ಹೊಟ್ಟೆಯಿಂದ ಭಾರ ಎತ್ತುವಾಗ ಸ್ಲಿಂಗ್ ಕಟ್ಟುವವರು, ಕೈಸನ್ನೆ ಮಾಡುವವರು, ಕ್ಯಾಬಿನ್‌ನಲ್ಲಿ ಕೂತವರು, ಇವರ ನಡುವಿನ ಕೆಲಸ ಹೇಗೆ ನಡೆಯುತ್ತದೆ ಎಂದು ಕನ್ನಡದಲ್ಲಿ ಬರೆದವರು ಕಡಿಮೆ. ನೀವು ಬರೆದರೆ ಹಾಕುತ್ತೇವೆ. ಹಾಳೆಯ ಒಂದೇ ಬದಿಗೆ ಬರೆಯಿರಿ. ಕ್ರೇನಿನ ಚಿತ್ರ ನೀವೇ ಗೀಚಿ ಕಳಿಸಿದರೂ ಆದೀತು, ನಮ್ಮ ಕಲಾವಿದರು ತಿದ್ದಿಕೊಳ್ಳುತ್ತಾರೆ.

– ಸಂಪಾದಕ